ಅಪ್ಪನ ದುಡ್ಡು ಅಪ್ಪನದೇ

(ಮರೆವಿನ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಕುಟುಂಬಗಳ ಕೂಟವೊಂದರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನಾನು ಮ್ಯಾನೇಜರ್ ಆಗಿದ್ದ ಶಾಖೆಯೊಂದರಲ್ಲಿ ತಿಂಗಳೊಪ್ಪತ್ತಿನೊಳಗೆ ಎರಡು ಸಂಗತಿಗಳು ನಡೆದವು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಹುಟ್ಟಿದ್ದು ಅವುಗಳಿಂದಲೇ. ಹಾಗಾಗಿ ಮೊದಲು ಅವನ್ನು ಹೇಳಿಬಿಡುತ್ತೇನೆ.

ಒಬ್ಬರು ಅಡಿಕೆ ವ್ಯಾಪಾರಿ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಅವರ ಮಗ ತಂದ ಚೆಕ್ಕಿನ ಮೇಲಿನ ಸಹಿ ಕೋಳಿ ಕೆದರಿದಂತಿತ್ತು. ಸಹಿ ಹೊಂದುತ್ತಿಲ್ಲವೆಂದು ಕೌಂಟರಿನಲ್ಲಿದ್ದವರು ಹಿಂದಿರುಗಿಸಿದರು. ಎರಡನೆಯ ಸಲವೂ ಹಾಗೆಯೇ ಆದಾಗ ನಾನೇ ಅವರ ಮನೆಗೆ ಹೋದೆ. ನನ್ನನ್ನು ಕಂಡ ಕೂಡಲೇ ಅವರು ಎಡಗೈಯಿಂದ ಪಾಸ್‌ಬುಕ್ ಎಳೆದುಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಲಾಕರ್ ಬಾಡಿಗೆಯನ್ನು ನಾವು ಎರಡು ಸಲ ಮುರಿದುಕೊಂಡಿದ್ದೆವು! ಮಾತು ಬಾರದ ಆ ಮನುಷ್ಯ ನಮ್ಮ ಇಡೀ ಶಾಖೆಗಿಂತ ಚೆನ್ನಾಗಿ ಲೆಕ್ಕ ಇಟ್ಟಿದ್ದರು.

ಇನ್ನೊಬ್ಬರು ನಿವೃತ್ತ ಹೆಡ್‌ಮಾಸ್ತರು. ಮುತ್ತು ಪೋಣಿಸಿದಂತಹ ಅಕ್ಷರ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಮ್ಮಲ್ಲಿ ಯಾರೂ ಕಂಡಿರದ ಒಬ್ಬ ಯುವಕನ ಜೊತೆ ಬಂದು, ಒಂದು ಎಫ್‌ಡಿಯನ್ನು ಅವಧಿಗೆ ಮೊದಲೇ ಮುರಿಸಿ ಹಣವನ್ನು ಆ ಯುವಕನ ಖಾತೆಗೆ ವರ್ಗಾಯಿಸಿದರು. ಸಹಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ನಾನೇ ಪಾಸು ಮಾಡಿದೆ. ಹತ್ತು ದಿನ ಬಿಟ್ಟು ಮೇಷ್ಟ್ರು ಮತ್ತೆ ಬಂದರು, ಈ ಸಲ ಒಬ್ಬರೇ. ಜೇಬಿನಿಂದ ಅದೇ ಎಫ್‌ಡಿಯ ಹಳೆಯ ಜೆರಾಕ್ಸ್ ಪ್ರತಿ ತೆಗೆದು, ‘ಇದಕ್ಕೆ ಇಲ್ಲಿಯವರೆಗೆ ಬಡ್ಡಿ ಎಷ್ಟಾಗಿದೆ ನೋಡಿ ಹೇಳಿ’ ಎಂದರು. ನನ್ನ ಕೈಕಾಲು ತಣ್ಣಗಾದವು.

ಕೈ ಹೋಗಿ ತಲೆ ನೆಟ್ಟಗಿದ್ದವರ ಚೆಕ್ಕನ್ನು ತಡೆದಿದ್ದೆವು. ತಲೆ ಹೋಗಿ ಕೈ ನೆಟ್ಟಗಿದ್ದವರ ದುಡ್ಡನ್ನು ಕೊಟ್ಟು ಕಳಿಸಿದ್ದೆವು. ನಿಯಮದ ಪ್ರಕಾರ ಎರಡೂ ಸರಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬ್ಯಾಂಕು ನೋಡುವುದು ಕೈಯನ್ನು, ಕಾನೂನು ನೋಡುವುದು ತಲೆಯನ್ನು. 1872ರ ಕರಾರು ಕಾಯ್ದೆಯ ಹನ್ನೆರಡನೆಯ ಕಲಮನ್ನು ನಾನು ಬ್ಯಾಂಕಿನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಇಪ್ಪತ್ತು ವರ್ಷದ ಮೇಲೆ. ಕರಾರು ಮಾಡುವ ಹೊತ್ತಿನಲ್ಲಿ ಅದೇನೆಂದು ತಿಳಿದು, ತನ್ನ ಹಿತಕ್ಕೆ ಅದರಿಂದ ಏನಾಗುತ್ತದೆಂದು ತೂಗಿ ನೋಡಬಲ್ಲವನು ಸ್ವಸ್ಥಚಿತ್ತ. ಅಷ್ಟೇ. ‘ಆ ಹೊತ್ತಿನಲ್ಲಿ’ ಎಂಬ ಮಾತನ್ನು ಗಮನಿಸಿ. ಆ ಕಲಮಿನ ಕೆಳಗೆ ಎರಡು ಉದಾಹರಣೆಗಳಿವೆ. ಹುಚ್ಚಾಸ್ಪತ್ರೆಯಲ್ಲಿ ಇರುವವನಿಗೂ ನಡುನಡುವೆ ಬುದ್ಧಿ ತಿಳಿಯಾಗುವ ವೇಳೆಯಲ್ಲಿ ಕರಾರು ಮಾಡುವ ಹಕ್ಕಿದೆ. ಸ್ವಸ್ಥನಾದವನಿಗೂ ಜ್ವರದ ಸನ್ನಿಯಲ್ಲಿ, ಅಥವಾ ಕಣ್ಣು ಕಾಣದಷ್ಟು ಕುಡಿದಾಗ, ಆ ಹಕ್ಕಿಲ್ಲ. ನೂರೈವತ್ತು ವರ್ಷದ ಹಿಂದಿನ ಕಾನೂನು ನಮಗಿಂತ ನಯವಾಗಿ ಯೋಚಿಸಿದೆ. ನಾವು ಒಂದು ಡಾಕ್ಟರ್ ಚೀಟಿ ಬಂದ ದಿನವೇ, ‘ಅಪ್ಪನಿಗೆ ಅರಳುಮರಳು, ಇನ್ನು ಅವರನ್ನು ಕೇಳುವುದೇನಿದೆ’ ಎಂದುಬಿಡುತ್ತೇವೆ. ಬೆಳಿಗ್ಗೆ ಹತ್ತು ಗಂಟೆಗೆ ತಿಂಡಿ ತಿಂದು ಕುಳಿತ ಅಪ್ಪನೂ ಸಂಜೆ ಆರಕ್ಕೆ ‘ಮನೆಗೆ ಹೋಗೋಣ’ ಎಂದು ಗೇಟು ಅಲ್ಲಾಡಿಸುವ ಅಪ್ಪನೂ ಒಬ್ಬರೇ ಅಲ್ಲವೆಂದು ಇಲ್ಲಿರುವ ನಿಮಗೆ ನಾನು ಹೇಳಬೇಕಾಗಿಲ್ಲ.

ಕೈ ಹೋದವರಿಗೆ ದಾರಿ ಇದೆ, ಅದನ್ನು ಬೇಗ ಮುಗಿಸುತ್ತೇನೆ. ರಿಸರ್ವ್ ಬ್ಯಾಂಕಿನ ಸೂಚನೆ ಬಹಳ ಹಳೆಯದು: ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು, ಅದೂ ಆಗದಿದ್ದರೆ ಏನಾದರೊಂದು ಗೀಟು. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಹಣವನ್ನು ಯಾರ ಕೈಗೆ ಕೊಡಬೇಕೆಂದು ಖಾತೆದಾರರೇ ತೋರಿಸುತ್ತಾರೆ. ಶಾಖೆಯಲ್ಲಿ ‘ಅಂಥದ್ದೇನೂ ಇಲ್ಲ’ ಎಂದರೆ ಒಪ್ಪಬೇಡಿ, ಇದೆ. ಅಡಿಕೆ ವ್ಯಾಪಾರಿಗೆ ಕೊನೆಗೆ ನಾವು ಮಾಡಿದ್ದೂ ಇದನ್ನೇ.

ಆದರೆ ನೀವು ಇಲ್ಲಿಗೆ ಬಂದಿರುವುದು ಮೇಷ್ಟ್ರಂಥವರ ಮನೆಗಳಿಂದ.

ಹಿಂದೆ ಇದಕ್ಕೆ ಕೋರ್ಟು ಕಚೇರಿ ಬೇಕಿರಲಿಲ್ಲ. ನಮ್ಮ ಅಜ್ಜಿಯ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುತ್ತಿತ್ತು. ಅಜ್ಜಿ ಒಂದೇ ದಿನ ಮೂರು ಸಲ ಹಾಲಿನವನಿಗೆ ದುಡ್ಡು ಕೊಟ್ಟ ಮೇಲೆ, ಯಾರೂ ಏನೂ ಹೇಳದೆ, ಆ ಗೊಂಚಲು ನಮ್ಮ ದೊಡ್ಡಮ್ಮನ ಸೊಂಟಕ್ಕೆ ಬಂತು. ಅಜ್ಜಿಯ ಸಮಾಧಾನಕ್ಕೆ ತುಕ್ಕು ಹಿಡಿದ ನಾಲ್ಕು ಹಳೆಯ ಕೀಲಿಗಳ ಇನ್ನೊಂದು ಗೊಂಚಲನ್ನು ಅವರಿಗೆ ಕಟ್ಟಿದರು. ಅಕ್ಕಿ, ಬೆಲ್ಲ, ನಾಲ್ಕು ಬೆಳ್ಳಿ ಲೋಟ ಇದ್ದ ಕಾಲಕ್ಕೆ ಅದು ಸಾಕು. ಈಗ ಪೆಟ್ಟಿಗೆಯ ಜಾಗದಲ್ಲಿ ಪಿಂಚಣಿ ಖಾತೆ, ಐದು ಎಫ್‌ಡಿ, ಮ್ಯೂಚುವಲ್ ಫಂಡು, ಮುಡಾ ಸೈಟು ಇವೆ. ಬೀಗದ ಕೈ ಮಾತ್ರ ಅದೇ ಹಳೆಯ ರೀತಿಯಲ್ಲಿ ಕೈ ಬದಲಾಯಿಸುತ್ತಿದೆ. ಎಟಿಎಂ ಕಾರ್ಡಿನ ಗುಪ್ತ ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾರೆ. ಅಪ್ಪನ ಸಿಮ್ಮನ್ನು ಮಗನ ಮೊಬೈಲಿಗೆ ಹಾಕಿರುತ್ತಾರೆ. ಮಲಗಿದ ಅಮ್ಮನ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸುತ್ತಾರೆ. ಒಬ್ಬ ಮಗನಂತೂ ‘ಅಪ್ಪನ ಸಹಿ ಅಪ್ಪನಿಗಿಂತ ನಾನೇ ಚೆನ್ನಾಗಿ ಮಾಡುತ್ತೇನೆ ಸಾರ್’ ಎಂದು ನನ್ನ ಎದುರಿಗೇ ಹೆಮ್ಮೆಯಿಂದ ಹೇಳಿದ. ಫೋರ್ಜರಿ ಎಂಬ ಮಾತು ಅವನ ತಲೆಗೆ ಹೊಳೆದೇ ಇರಲಿಲ್ಲ, ಏಕೆಂದರೆ ಅವನು ತರುತ್ತಿದ್ದುದು ಅಪ್ಪನ ಔಷಧಿಯನ್ನು.

ಇದೆಲ್ಲ ನಡೆಯುವವರೆಗೆ ನಡೆಯುತ್ತದೆ. ತಂಗಿಯೊಬ್ಬಳು ‘ಆ ಮೂರು ಲಕ್ಷ ಎಲ್ಲಿ ಹೋಯಿತು’ ಎಂದು ಕೇಳುವ ದಿನ, ಅಥವಾ ಆಸ್ಪತ್ರೆಯ ಬಿಲ್ಲಿಗೆ ಸೈಟು ಮಾರಬೇಕಾದ ದಿನ ನಿಲ್ಲುತ್ತದೆ. ಉಪನೋಂದಣಾಧಿಕಾರಿಯ ಎದುರು ಅಪ್ಪ ಕುಳಿತು ‘ಹೌದು, ಮಾರುತ್ತಿದ್ದೇನೆ’ ಎನ್ನಬೇಕು. ಅಲ್ಲಿ ಸಿಮ್ಮು ಉಪಯೋಗಕ್ಕೆ ಬರುವುದಿಲ್ಲ.

ಈಗ ಕೈ ಎತ್ತಿ ನೋಡೋಣ, ಇಲ್ಲಿ ಎಷ್ಟು ಜನರ ಹತ್ತಿರ ತಂದೆತಾಯಿಯ ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಇದೆ? ಬಹಳ ಜನರ ಬಳಿ ಇದೆ. ನಿಮಗೆ ಬೇಸರದ ಸುದ್ದಿ ಹೇಳಬೇಕಾಗಿದೆ. ಅದೇ ಕರಾರು ಕಾಯ್ದೆಯ 201ನೆಯ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ, ಇಲ್ಲವೇ ಅವರ ಚಿತ್ತಸ್ವಾಸ್ಥ್ಯ ಹೋದರೆ, ಆ ಅಧಿಕಾರವೂ ಮುಗಿಯಿತು. ಅಪ್ಪ ಅಮೆರಿಕಕ್ಕೆ ಹೋಗಿದ್ದಾಗ, ಕಾಲು ಮುರಿದು ಮಲಗಿದಾಗ, ಆ ಪತ್ರ ನಡೆಯುತ್ತದೆ. ಅಪ್ಪನಿಗೆ ನಿಮ್ಮ ಹೆಸರೇ ಮರೆತಾಗ, ಅಂದರೆ ಯಾವ ಹೊತ್ತಿಗೆಂದು ಅದನ್ನು ಮಾಡಿಸಿದಿರೋ ಅದೇ ಹೊತ್ತಿಗೆ, ಅದು ಕಾಗದ. ಕಾರಣ ಸರಳ: ಅವರ ಪರವಾಗಿ ನೀವು ನಡೆಯುತ್ತಿದ್ದೀರಿ, ಅವರೇ ಮಾಡಲಾಗದ್ದನ್ನು ನೀವು ಹೇಗೆ ಮಾಡುವಿರಿ? ಒಂದು ಸಣ್ಣ ಸಮಾಧಾನ 209ನೆಯ ಕಲಮಿನಲ್ಲಿದೆ. ಅಧಿಕಾರ ಮುಗಿದರೂ, ಕೈಯಲ್ಲಿರುವ ಆಸ್ತಿ ಹಾಳಾಗದಂತೆ ಕಾಪಾಡುವ ಕರ್ತವ್ಯ ಉಳಿದಿರುತ್ತದೆ. ಬಾಡಿಗೆದಾರ ಓಡಿಹೋಗದಂತೆ ನೋಡಿಕೊಳ್ಳಲು ಅದು ಸಾಕು, ಮನೆ ಮಾರಲು ಸಾಲದು.

ಇಂಗ್ಲೆಂಡಿನಲ್ಲಿ ಈ ತೊಡಕನ್ನು 1985ರಲ್ಲೇ ಬಿಡಿಸಿದರು. ಈಗ ಅಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆಯ ಪ್ರಕಾರ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಎಂಬ ಪತ್ರ ಮಾಡಿಸಿ ನೋಂದಾಯಿಸಿದರೆ, ಬುದ್ಧಿ ಹೋದ ಮೇಲೂ ಅದು ಜೀವಂತವಾಗಿರುತ್ತದೆ. ಮಾಡಿಸದೆ ಉಳಿದವರಿಗೆ ಕೋರ್ಟ್ ಆಫ್ ಪ್ರೊಟೆಕ್ಷನ್ ಎಂಬ ನ್ಯಾಯಾಲಯ ‘ಡೆಪ್ಯುಟಿ’ ಎಂಬ ಒಬ್ಬರನ್ನು ನೇಮಿಸುತ್ತದೆ, ಅವರು ಪ್ರತಿವರ್ಷ ವರದಿ ಒಪ್ಪಿಸಬೇಕು. ಇದನ್ನು ಏಕೆ ಹೇಳಿದೆನೆಂದರೆ, ಲಂಡನ್ನಿನಲ್ಲಿರುವ ಮಗ ‘ಅಪ್ಪಾ, ಇಲ್ಲಿ ಎಲ್ಲರೂ ಮಾಡಿಸುತ್ತಾರೆ, ನೀನೂ ಮಾಡಿಸಿಬಿಡು’ ಎಂದು ಫೋನಿನಲ್ಲಿ ಹೇಳುತ್ತಾನೆ. ಅಪ್ಪ ಇಲ್ಲಿ ವಕೀಲರ ಹತ್ತಿರ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಿ, ನೋಂದಾಯಿಸಿ, ಲಕೋಟೆಯಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ಹೆಸರು ಒಂದೇ, ಒಳಗಿನ ಸರಕು ಬೇರೆ. ಭಾರತದಲ್ಲಿ ಅಂಥ ಬಾಳಿಕೆಯ ಪತ್ರಕ್ಕೆ ಕಾನೂನು ಇನ್ನೂ ಬಂದಿಲ್ಲ.

ನಾಮಿನಿ ಇದ್ದಾರಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು, ನನಗೆ ಕೇಳಿಸಿತು. ಖಾತೆದಾರರು ಉಸಿರಾಡುತ್ತಿರುವವರೆಗೆ ನಾಮಿನಿಗೆ ಶಾಖೆಯೊಳಗೆ ಕುರ್ಚಿ ಸಿಗಬಹುದು, ಅದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ.

ಜಂಟಿ ಖಾತೆ ಕೆಲಸಕ್ಕೆ ಬರುತ್ತದೆ. ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಷರತ್ತಿನ ಉಳಿತಾಯ ಖಾತೆಯನ್ನು ಒಬ್ಬರೇ ನಡೆಸಬಹುದು. ಆದರೆ ಎಫ್‌ಡಿಯಲ್ಲಿ ಒಂದು ಗುಂಡಿ ಇದೆ, ನಾನೇ ಕೌಂಟರಿನ ಈಚೆ ನಿಂತು ಎಷ್ಟೋ ಜನ ಅದರಲ್ಲಿ ಬಿದ್ದದ್ದನ್ನು ನೋಡಿದ್ದೇನೆ. ಅವಧಿ ಮುಗಿದ ಎಫ್‌ಡಿಯನ್ನು ಒಬ್ಬರ ಸಹಿಯಿಂದ ಪಡೆಯಬಹುದು. ಅವಧಿಗೆ ಮೊದಲು ಮುರಿಸಬೇಕಾದರೆ, ಇಬ್ಬರೂ ಬದುಕಿರುವಾಗ, ಇಬ್ಬರ ಸಹಿಯನ್ನೂ ಬ್ಯಾಂಕು ಕೇಳಬಹುದು. ಆಸ್ಪತ್ರೆಗೆ ದುಡ್ಡು ಬೇಕಾಗುವುದು ಅವಧಿ ನೋಡಿಕೊಂಡಲ್ಲವಲ್ಲ! ಹಾಗಾಗಿ ಕಾಯಿಲೆಯ ಮೊದಲ ಹಂತದಲ್ಲಿರುವವರ ಮನೆಯವರು, ಅವರಿಗೆ ವಿಷಯ ತಿಳಿಯುವ ಕಾಲದಲ್ಲೇ, ಅವರನ್ನೂ ಕೂರಿಸಿಕೊಂಡು ಇವನ್ನು ಸರಿಮಾಡಿಕೊಳ್ಳಿ. ಹತ್ತು ಖಾತೆಗಳನ್ನು ಎರಡಕ್ಕೆ ಇಳಿಸಿ. ದೊಡ್ಡ ಎಫ್‌ಡಿಗಳನ್ನು ಒಡೆದು ಬೇರೆಬೇರೆ ತಿಂಗಳಿಗೆ ಅವಧಿ ಮುಗಿಯುವಂತೆ ಇಡಿ. ಆಸ್ತಿ ಹೆಚ್ಚಿದ್ದರೆ 1882ರ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಬಹುದು, ಭಾರತದ ಮಟ್ಟಿಗೆ ಬುದ್ಧಿ ಹೋದ ಮೇಲೂ ನಿಲ್ಲುವ ಗಟ್ಟಿ ಏರ್ಪಾಡು ಅದೊಂದೇ ಎಂದು ನನ್ನ ಅಭಿಪ್ರಾಯ. ಉಯಿಲು ಬರೆಸುವುದಿದ್ದರೆ ಈಗಲೇ ಬರೆಸಿ. ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಆತುರ ಇರುವವರಿಗೆ ಒಂದು ಮಾತು: ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದೊಳಗೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮು ಆಗ ನಿಮ್ಮ ನೆರವಿಗೆ ಬರುತ್ತದೆ, ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಪತ್ರವನ್ನು ರದ್ದು ಮಾಡಿಸಲು ದಾರಿಯಾಗುತ್ತದೆ.

ಇನ್ನು, ಆ ಕಾಲ ದಾಟಿಹೋಗಿರುವ ಮನೆಗಳ ಮಾತು. ಅಂದರೆ ಬೇರೊಬ್ಬರನ್ನು ಅಧಿಕೃತವಾಗಿ ನೇಮಿಸಲೇಬೇಕಾದವರ ಮಾತು. ನಾನು ವಕೀಲನಲ್ಲ. ವಕೀಲರು ತಂದ ಆದೇಶಗಳನ್ನು ಕೌಂಟರಿನಲ್ಲಿ ಕುಳಿತು ಓದಿದವನು, ಅವರಿಗಿಂತ ನಿಧಾನವಾಗಿ.

ಒಂದು ಕಾಲಕ್ಕೆ ಇದು ಸುಲಭವಾಗಿತ್ತು. 1912ರ ಲೂನಸಿ ಕಾಯ್ದೆ, ಅದರ ಜಾಗಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ, ಎರಡರಲ್ಲೂ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಆಸ್ತಿಗೆ ಒಬ್ಬ ಮ್ಯಾನೇಜರನ್ನು ನೇಮಿಸುವ ಅವಕಾಶವಿತ್ತು. ಕಾನೂನಿನಲ್ಲಿ ಇದ್ದದ್ದೂ ಅದೇ ಪದ, ಮ್ಯಾನೇಜರ್. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂದಾಗ ಹಳೆಯದು ರದ್ದಾಯಿತು, ಆಸ್ತಿಯ ಆ ಇಡೀ ಅಧ್ಯಾಯವೂ ಅದರ ಜೊತೆಗೆ ಹೋಯಿತು. ಹೊಸ ಕಾಯ್ದೆ ಚಿಕಿತ್ಸೆಯ ಹಕ್ಕುಗಳ ಬಗ್ಗೆ ಬಹಳ ಒಳ್ಳೆಯದು. ಅದರಲ್ಲಿ ‘ನಾಮನಿರ್ದೇಶಿತ ಪ್ರತಿನಿಧಿ’ ಎಂಬ ವ್ಯವಸ್ಥೆ ಇದೆ. ಆಸ್ಪತ್ರೆಯಿಂದ ಆ ಕಾಗದ ಹಿಡಿದು ನೇರವಾಗಿ ಬ್ಯಾಂಕಿಗೆ ಬರುವವರನ್ನು ಈಗಲೂ ಕಾಣುತ್ತೇವೆ. ಅದು ಚಿಕಿತ್ಸೆಯ ತೀರ್ಮಾನಕ್ಕೆ ಮಾತ್ರ. ಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಉಳಿದಿರುವುದೇನು? ಕಾಯಿಲೆ ಯಾವುದು ಎಂಬುದರ ಮೇಲೆ ಬಾಗಿಲು ಬೇರೆಬೇರೆ. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ಇರುವುದು ಹೀಗೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕರಲ್ಲಿ ಒಂದಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಮಗುವಿಗೆ ಹದಿನೆಂಟು ತುಂಬಿದ ದಿನ ತಂದೆತಾಯಿಯ ಸಹಜ ಪಾಲಕತ್ವ ಮುಗಿಯುತ್ತದೆ. ‘ನನ್ನ ಮಗನಿಗೆ ನಾನು ಗಾರ್ಡಿಯನ್ ಅಲ್ಲದೆ ಮತ್ತ್ಯಾರು’ ಎಂದು ತಾಯಂದಿರು ಅಳುತ್ತಾ ಕೇಳುತ್ತಾರೆ. ಅಳಬೇಕಾಗಿಲ್ಲ, ಅರ್ಜಿ ಹಾಕಬೇಕು. ಕೋರ್ಟಿಗೂ ಹೋಗಬೇಕಾಗಿಲ್ಲ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಸ್ವತಃ ಅಂಗವೈಕಲ್ಯವಿರುವ ಒಬ್ಬರು, ಈ ಮೂವರಿರುವ ಸ್ಥಳೀಯ ಮಟ್ಟದ ಸಮಿತಿ ಪ್ರತಿ ಜಿಲ್ಲೆಗೂ ಇರುತ್ತದೆ, ಪಾಲಕರನ್ನು ನೇಮಿಸುವುದು ಅದೇ. ಆ ಪ್ರಮಾಣಪತ್ರವನ್ನು ನಂಬಿ ಖಾತೆ ತೆರೆಯಬಹುದು, ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನನ್ನ ಅನುಭವದಲ್ಲಿ ಈ ದೇಶದ ಪಾಲಕತ್ವದ ಕಾನೂನುಗಳಲ್ಲಿ ಬಡವರ ಕೈಗೆ ಎಟುಕುವುದು ಇದೊಂದೇ.

ಕೋಮಾದಲ್ಲಿ ಮಲಗಿರುವವರಿಗೆ ಹೈಕೋರ್ಟೇ ಗತಿ. ಸಂವಿಧಾನದ 226ನೆಯ ವಿಧಿಯಡಿ ರಿಟ್ ಅರ್ಜಿ, ನಮ್ಮಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ, ಈ ಮೂರರಲ್ಲಿ ನಿಮ್ಮ ಜಿಲ್ಲೆ ಸೇರುವ ಪೀಠಕ್ಕೆ. ದಿಕ್ಕಿಲ್ಲದವರಿಗೆ ಪ್ರಭುತ್ವವೇ ತಂದೆತಾಯಿ ಎಂಬ ತತ್ವದ ಮೇಲೆ ನ್ಯಾಯಾಲಯ ಪಾಲಕರನ್ನು ನೇಮಿಸುತ್ತದೆ. ಕೇರಳ ಹೈಕೋರ್ಟ್ 2019ರಲ್ಲಿ ಇಂಥ ಪ್ರಕರಣವೊಂದರಲ್ಲಿ ಮಾರ್ಗಸೂಚಿಯನ್ನೇ ಬರೆಯಿತು: ಆಸ್ತಿಯ ವಿವರವೆಲ್ಲ ಅರ್ಜಿಯಲ್ಲಿರಬೇಕು, ವೈದ್ಯರ ಮಂಡಳಿ ರೋಗಿಯನ್ನು ನೋಡಬೇಕು, ಕಂದಾಯ ಇಲಾಖೆಯವರು ಮನೆಗೆ ಹೋಗಿ ವಿಚಾರಿಸಬೇಕು, ನೇಮಕವಾದವರು ಆರು ತಿಂಗಳಿಗೊಮ್ಮೆ ಕೋರ್ಟಿಗೆ ವರದಿ ಕೊಡಬೇಕು. ಅಲ್ಲಿನ ಕಟ್ಟುಪಾಡು ನಮ್ಮ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ. ಆದರೂ ನಿಮ್ಮ ವಕೀಲರು ಅರ್ಜಿ ಬರೆಯುವಾಗ ಅದನ್ನು ಎದುರಿಗಿಟ್ಟುಕೊಂಡರೆ ಅರ್ಧ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧವಾಗಿರುತ್ತದೆ.

ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಆ ನಾಲ್ಕರ ಪಟ್ಟಿಯಲ್ಲಿ ಅದಿಲ್ಲ, ಕೋಮಾವೂ ಅಲ್ಲ. 2016ರ ಅಂಗವೈಕಲ್ಯವುಳ್ಳವರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ಬಗೆಗಳನ್ನು ಪಟ್ಟಿ ಮಾಡಿದೆ, ಅಲ್ಲೂ ಡಿಮೆನ್ಶಿಯಾ ಎಂಬ ಹೆಸರಿಲ್ಲ. ಆದರೆ ‘ಮಾನಸಿಕ ಕಾಯಿಲೆ’ ಎಂಬುದಕ್ಕೆ ಅದು ಕೊಡುವ ವ್ಯಾಖ್ಯೆಯಲ್ಲಿ ಸ್ಮೃತಿಯ ತೀವ್ರ ದೋಷವೂ ಸೇರಿದೆ. ಆ ಎಳೆ ಹಿಡಿದು, ಅದೇ ಕಾಯ್ದೆಯ 14ನೆಯ ಕಲಮಿನಡಿ ಜಿಲ್ಲಾ ನ್ಯಾಯಾಲಯದಲ್ಲಿ ‘ಸೀಮಿತ ಪಾಲಕತ್ವ’ ಕೇಳುವ ವಕೀಲರಿದ್ದಾರೆ. ನೇರವಾಗಿ ಹೈಕೋರ್ಟಿಗೆ ಹೋಗುವವರೂ ಇದ್ದಾರೆ. ಯಾವುದು ಬೇಗ ಮುಗಿಯುತ್ತದೆಂದು ಕೇಳಿದರೆ ಒಬ್ಬೊಬ್ಬ ವಕೀಲರದು ಒಂದೊಂದು ಉತ್ತರ. ನಿಮ್ಮ ಮನೆಯ ಆಸ್ತಿ ಎಂಥದ್ದು, ಒಡಹುಟ್ಟಿದವರ ಒಪ್ಪಿಗೆ ಇದೆಯೇ ಎಂಬುದನ್ನು ನೋಡಿ ತೀರ್ಮಾನಿಸಿ. ಒಪ್ಪಿಗೆ ಇದ್ದರೆ ಎಲ್ಲರಿಂದಲೂ ಪ್ರಮಾಣಪತ್ರ (ಅಫಿಡವಿಟ್) ಬರೆಸಿಕೊಂಡು ಮೊದಲೇ ಜೋಡಿಸಿಡಿ. ಹೌದು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಂದಲೂ. ಅವರೇ ಪಾಲಕರಾಗಲೂಬಹುದು, ಇಲ್ಲಿ ಅಮ್ಮನ ಮಗ್ಗುಲಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ ಆಗಿರುವುದು ನನಗೆ ಕಾಣುತ್ತಿದೆ.

ವೈದ್ಯರ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ‘ಡಿಮೆನ್ಶಿಯಾ, ಮಧ್ಯಮ ಹಂತ’ ಎಂದಷ್ಟೇ ಬರೆದ ಚೀಟಿ ಕೋರ್ಟಿಗೆ ಅರ್ಧ ಮಾತ್ರ ಹೇಳುತ್ತದೆ. ಇವರಿಗೆ ಏನು ಮಾಡಲಾಗುತ್ತದೆ, ಏನು ಆಗುವುದಿಲ್ಲ ಎಂದು ಬರೆಸಿ. ನೂರು ರೂಪಾಯಿ ಕೊಟ್ಟು ಚಿಲ್ಲರೆ ಎಣಿಸಿಕೊಳ್ಳಬಲ್ಲರು, ಆದರೆ ಎಫ್‌ಡಿ ಮುರಿದರೆ ಏನಾಗುತ್ತದೆಂದು ತಿಳಿಯದು ಎಂಬಂತೆ. ಸೀಮಿತ ಪಾಲಕತ್ವದ ಅರ್ಥವೇ ಅದು. ನಿರ್ದಿಷ್ಟ ತೀರ್ಮಾನಕ್ಕೆ, ನಿರ್ದಿಷ್ಟ ಅವಧಿಗೆ, ಪಾಲಕರೂ ಆ ವ್ಯಕ್ತಿಯೂ ಸೇರಿ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ. ಅಂಗವೈಕಲ್ಯವುಳ್ಳವರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 2006ರ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟಿದ್ದರಿಂದ ಬಂದ ಮಾತು ಇದು. ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಹೆಂಡತಿಯ ಗುರುತೇ ಹತ್ತದವರ ಇಚ್ಛೆಯನ್ನು ಎಲ್ಲಿಂದ ತರುವುದು ಎಂದುಕೊಂಡಿದ್ದೆ. ಆಮೇಲೆ ನನ್ನ ನೆಂಟರ ಮನೆಯಲ್ಲೇ ನಡೆದದ್ದು ಆ ನಗುವನ್ನು ಅಡಗಿಸಿತು.

ಅವರು ನನಗೆ ವರಸೆಯಲ್ಲಿ ಚಿಕ್ಕಪ್ಪ. ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರು, ಒಳ್ಳೆಯ ಪಿಂಚಣಿ, ಸ್ವಂತ ಮನೆ, ಎಫ್‌ಡಿಗಳು. ಮರೆವು ಬಂತು. ಮಗ ಹಣಕಾಸು ನೋಡಿಕೊಳ್ಳತೊಡಗಿದ. ಬಂಗಾರದಂಥ ಹುಡುಗ, ಅಪ್ಪನ ಒಂದು ಪೈಸೆಯನ್ನೂ ತನಗೆಂದು ಮುಟ್ಟಿದವನಲ್ಲ. ನಾನು ಬ್ಯಾಂಕಿನವನೆಂದು ಲೆಕ್ಕದ ಪುಸ್ತಕ ತಂದು ತೋರಿಸಿದ. ಚೀಟಿಗಳೆಲ್ಲ ದಾರದಲ್ಲಿ ಪೋಣಿಸಿದ್ದವು. ತಿಂಗಳಿಂದ ತಿಂಗಳಿಗೆ ಬಾಕಿ ಹೆಚ್ಚುತ್ತಿತ್ತು. ‘ಅಪ್ಪನ ದುಡ್ಡನ್ನು ಎರಡು ವರ್ಷದಲ್ಲಿ ಎಷ್ಟು ಬೆಳೆಸಿದ್ದೇನೆ ನೋಡಣ್ಣ’ ಎಂದ. ಪುಟ ತಿರುವುತ್ತಾ ಹೋದೆ. ಫಿಸಿಯೋಥೆರಪಿ ಆರು ತಿಂಗಳಿಗೆ ನಿಂತಿದೆ. ಡೈಪರ್ ದಿನಕ್ಕೆ ಎರಡೇ. ರಾತ್ರಿಗೆ ಆಯಾ ಇಲ್ಲ, ಮನೆಯವರೇ ಏಳುತ್ತಾರೆ. ದಿನಪತ್ರಿಕೆಯನ್ನೂ ನಿಲ್ಲಿಸಿದ್ದ. ಏಕಪ್ಪಾ ಎಂದರೆ, ‘ಓದಲು ಬರುವುದಿಲ್ಲವಲ್ಲ, ತಲೆಕೆಳಗಾಗಿ ಹಿಡಿದುಕೊಂಡು ಕೂರುತ್ತಾರೆ’ ಎಂದ.

ಐವತ್ತು ವರ್ಷ ಬೆಳಿಗ್ಗೆ ಕಾಫಿಯ ಜೊತೆ ಪತ್ರಿಕೆ ಹಿಡಿದು ಜಗಲಿಯಲ್ಲಿ ಕುಳಿತ ಮನುಷ್ಯ. ತಲೆಕೆಳಗಾಗಿಯಾದರೂ ಹಿಡಿದುಕೊಂಡು ಕೂರುತ್ತಾರೆ ಅಂದರೆ, ಇಚ್ಛೆ ಎಂಬುದು ಇನ್ನು ಹೇಗಿರಬೇಕು?

ಆ ಹುಡುಗ ಕಳ್ಳನಲ್ಲ. ಯಾವ ಆಡಿಟರೂ ಅವನ ಪುಸ್ತಕದಲ್ಲಿ ತಪ್ಪು ಕಾಣಲಾರ. ಆದರೆ ಅವನು ಅಪ್ಪನ ಪಾಲಕನೂ ಹೌದು, ಅಪ್ಪನ ವಾರಸುದಾರನೂ ಹೌದು. ಅಪ್ಪನ ಮೇಲೆ ಖರ್ಚಾಗದೆ ಉಳಿದ ಪ್ರತಿ ರೂಪಾಯಿಯೂ ಒಂದು ದಿನ ಅವನ ಜೇಬಿಗೇ ಬರುತ್ತದೆ. ‘ಉಳಿತಾಯ’ ಎಂದಾಗ ಯಾರಿಗೆ ಉಳಿತಾಯ ಎಂದು ಅವನು ತನ್ನನ್ನೇ ಕೇಳಿಕೊಂಡಿರಲಿಲ್ಲ. ನಾವು ಯಾರೂ ಕೇಳಿಕೊಳ್ಳುವುದಿಲ್ಲ. 2016ರ ಆ ಅಂಗವೈಕಲ್ಯ ಕಾಯ್ದೆ ಇದನ್ನು ಒಂದು ಮಟ್ಟಿಗೆ ಕಂಡಿದೆ. ನೆರವಾಗುವವರಿಗೂ ನೆರವು ಪಡೆಯುವವರಿಗೂ ಹಣದ ವ್ಯವಹಾರವೊಂದರಲ್ಲಿ ಹಿತಾಸಕ್ತಿಯ ಘರ್ಷಣೆ ಬಂದರೆ, ಆ ವ್ಯವಹಾರದಿಂದ ನೆರವಾಗುವವರು ದೂರ ನಿಲ್ಲಬೇಕು ಎಂದು 13ನೆಯ ಕಲಮು ಹೇಳುತ್ತದೆ. ರಕ್ತಸಂಬಂಧ ಇದೆಯೆಂದ ಮಾತ್ರಕ್ಕೆ ಘರ್ಷಣೆ ಇದೆಯೆಂದು ಊಹಿಸಬಾರದೆಂದೂ ಹೇಳುತ್ತದೆ. ಸರಿಯಾದ ಮಾತೇ, ಮಕ್ಕಳಲ್ಲದೆ ಮತ್ತ್ಯಾರು ಬರುತ್ತಾರೆ? ಆದರೆ ಉಳಿಸುವುದರಲ್ಲಿ ಇರುವ ಘರ್ಷಣೆಯನ್ನು ಯಾವ ನ್ಯಾಯಾಧೀಶರೂ ಪಾಸ್‌ಬುಕ್ ನೋಡಿ ಕಂಡುಹಿಡಿಯಲಾರರು. ಕದ್ದರೆ ಬಾಕಿ ಕಡಿಮೆಯಾಗಿ ಸಿಕ್ಕಿಬೀಳುತ್ತೇವೆ. ಕೊಡದೆ ಉಳಿಸಿದರೆ ಬಾಕಿ ಹೆಚ್ಚಾಗಿ ಹೊಗಳಿಕೆ ಬರುತ್ತದೆ.

ಇದರ ತಿರುಗುಮುರುಗು ಕೂಡ ಇದೆ. ಅಮ್ಮನ ಖಾತೆ ಮುಟ್ಟಲು ಸಂಕೋಚಪಟ್ಟು, ತನ್ನ ಸಂಬಳದಿಂದಲೇ ಆಯಾಗೆ ಕೊಡುವ ಮಗಳು. ಐದು ವರ್ಷದ ಮೇಲೆ ಅಣ್ಣ ಬಂದು ಸಮಪಾಲು ಕೇಳಿದಾಗ ಅವಳ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ. ಅಮ್ಮನ ಖರ್ಚು ಅಮ್ಮನ ಹಣದಿಂದಲೇ ಆಗಲಿ. ಆಗದಿದ್ದಾಗ ನೀವು ಹಾಕಿದ್ದನ್ನು ಬೇರೆ ಕಾಲಂನಲ್ಲಿ ಬರೆದಿಡಿ.

ಬರೆದಿಡುವ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ಬಾಗಿಲುಗಳೂ ಕೊನೆಗೆ ನಿಮ್ಮನ್ನು ಇಲ್ಲಿಗೇ ತರುತ್ತವೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಪಾಲಕರಾದವರು ಆರು ತಿಂಗಳೊಳಗೆ ಆಸ್ತಿ, ಬರಬೇಕಾದ ಬಾಕಿ, ಸಾಲ ಎಲ್ಲದರ ಪಟ್ಟಿ ಕೊಡಬೇಕು. ಆಮೇಲೆ ಪ್ರತಿವರ್ಷ, ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಬಂದದ್ದು, ಹೋದದ್ದು, ಉಳಿದದ್ದರ ಲೆಕ್ಕ. ಪಾಲಕ ಆಸ್ತಿಯನ್ನು ನುಂಗುತ್ತಿದ್ದಾನೆ ಅಥವಾ ಅಲಕ್ಷ್ಯ ಮಾಡುತ್ತಿದ್ದಾನೆ ಎಂದು ಕಂಡರೆ ಯಾವ ನೆಂಟರಾದರೂ ಸಮಿತಿಗೆ ದೂರು ಕೊಟ್ಟು ತೆಗೆಸಬಹುದು. ಕೋರ್ಟಿನ ಆದೇಶವಾದರೆ ಅದರಲ್ಲೇ ಷರತ್ತುಗಳಿರುತ್ತವೆ, ಅದನ್ನು ಕನ್ನಡಿಯ ಪಕ್ಕದಲ್ಲಿ ಅಂಟಿಸಿಕೊಳ್ಳಿ. ಆದೇಶವಿಲ್ಲದೆ ಹೇಗೋ ನಡೆಸುತ್ತಿರುವವರೂ ಇದೇ ಪದ್ಧತಿಯಲ್ಲಿ ಬರೆಯಿರಿ. ಇನ್ನೂರು ಪುಟದ ನೋಟ್‌ಬುಕ್ ಸಾಕು. ತಿಂಗಳ ಕೊನೆಗೆ ಪುಟದ ಫೋಟೋ ತೆಗೆದು ಒಡಹುಟ್ಟಿದವರಿಗೆ ವಾಟ್ಸ್‌ಆ್ಯಪ್ ಮಾಡಿ. ಯಾರೂ ಓದುವುದಿಲ್ಲ, ಹೆಬ್ಬೆರಳಿನ ಚಿಹ್ನೆ ಹಾಕಿ ಸುಮ್ಮನಾಗುತ್ತಾರೆ. ಆ ಹೆಬ್ಬೆರಳೇ ಮುಂದೆ ನಿಮ್ಮ ಸಾಕ್ಷಿ.

ನಮ್ಮ ಚಿಕ್ಕಪ್ಪನ ಮನೆಗೆ ಮತ್ತೆ ಪತ್ರಿಕೆ ಬರತೊಡಗಿತು. ಜೊತೆಗೆ ನಾನೊಂದು ಲಂಚವನ್ನೂ ಸೇರಿಸಿದೆ, ವಾರಕ್ಕೆ ಕಾಲು ಕಿಲೋ ಮೈಸೂರುಪಾಕು. ಸಕ್ಕರೆ ಕಾಯಿಲೆ ಇರಲಿಲ್ಲ, ಹೆದರಬೇಡಿ.

ಕೊನೆಯ ಒಂದು ಸಂಗತಿ, ಕೇಳಲು ಹಿತವಲ್ಲ. ಪಾಲಕರ ಅಧಿಕಾರ ಆ ವ್ಯಕ್ತಿಯ ಉಸಿರಿನ ಜೊತೆಗೇ ನಿಲ್ಲುತ್ತದೆ. ಕೋರ್ಟು ಕೊಟ್ಟದ್ದಾದರೂ ಅಷ್ಟೇ, ಸಮಿತಿ ಕೊಟ್ಟದ್ದಾದರೂ ಅಷ್ಟೇ. ಅಲ್ಲಿಂದ ಮುಂದೆ ನಾಮಿನಿ, ಉಯಿಲು, ವಾರಸುದಾರರ ಕಾಲ. ತೀರಿಕೊಂಡ ಮರುದಿನ ಬೆಳಿಗ್ಗೆ ಅಂತ್ಯಕ್ರಿಯೆಯ ಖರ್ಚಿಗೆಂದು ಅಪ್ಪನ ಕಾರ್ಡು ಹಿಡಿದು ಎಟಿಎಂಗೆ ಓಡಿದವರನ್ನು ಎಷ್ಟೋ ಸಲ ಕಂಡಿದ್ದೇನೆ. ಅವರ ದುಃಖ ನನಗೆ ಅರ್ಥವಾಗುತ್ತದೆ, ಆದರೆ ಐದು ವರ್ಷ ಚೊಕ್ಕವಾಗಿ ಇಟ್ಟ ಲೆಕ್ಕಕ್ಕೆ ಮಸಿ ಬೀಳುವುದು ಆ ಒಂದು ಬೆಳಿಗ್ಗೆ. ಆ ಖರ್ಚನ್ನು ನಿಮ್ಮ ಕೈಯಿಂದ ಮಾಡಿ, ಚೀಟಿ ಇಟ್ಟುಕೊಳ್ಳಿ. 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಸತ್ತವರ ಆಸ್ತಿಯಿಂದ ಮಿಕ್ಕ ಸಾಲಗಳಿಗಿಂತ ಮೊದಲು ತೀರಿಸಬೇಕಾದದ್ದು ಅಂತ್ಯಕ್ರಿಯೆಯ ಯೋಗ್ಯ ಖರ್ಚು. ನಿಮ್ಮ ಹಣ ಎಲ್ಲಿಗೂ ಹೋಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಒಂದು ಗೆರೆ ಎಳೆಯಿರಿ, ಕೆಳಗೆ ಬಾಕಿ ಬರೆದು ಸಹಿ ಮಾಡಿ. ಈ ಸಲ ನಿಮ್ಮದೇ ಸಹಿ.